ಕಡು ಕಂದು ಬಣ್ಣದ ಸ್ಲೈಡು

ದೊಡ್ಡ ಡಾಕ್ಟರು ಪ್ರಯೋಗಾಲಯದ ಬಾಗಿಲಿಗೆ ಬೀಗ ಜಡಿದು ಕೀಲಿಯನ್ನು ಕೋಟಿನ ಜೇಬಿಗೆ ಇಳಿಸಿದಾಗ ಮಧ್ಯಾಹ್ನ ಎರಡೂವರೆ. ಆಸ್ಪತ್ರೆಯ ನೆಲಮಾಳಿಗೆಯ ಆ ಕೋಣೆಗೆ ಕಿಟಕಿಯಿಲ್ಲ, ಇರುವುದು ಒಂದೇ ಬಾಗಿಲು. ಒಳಗೆ ಉಳಿದವರು ಆರು ಜನ: ಡಾಕ್ಟರು, ಸ್ಲೈಡುಗಳಿಗೆ ಬಣ್ಣ ಹಾಕುವ ಟೆಕ್ನಿಷಿಯನ್, ವರದಿ ಟೈಪ್ ಮಾಡುವಾಕೆ, ಟ್ರೇ ಹೊರುವ ಉದ್ದಣ್ಣ, ಗಾಜು ತೊಳೆಯುವ ನಾನು, ಮತ್ತು ನಾನೇ ಓಡಿಹೋಗಿ ಕರೆತಂದಿದ್ದ ಸ್ಟೋರಮ್ಮ.

ಸ್ಟೋರಮ್ಮ ಮೂವತ್ತು ವರ್ಷದಿಂದ ಆಸ್ಪತ್ರೆಯ ಉಗ್ರಾಣ ನೋಡಿಕೊಳ್ಳುತ್ತಾ ಅದರ ಹಿಂದಿನ ಕೋಣೆಯಲ್ಲೇ ವಾಸವಾಗಿದ್ದರು. ಏನೇ ಕಳುವಾದರೂ ಮೊದಲು ಅವರಿಗೆ ಹೇಳುವುದು ನಮ್ಮ ರೂಢಿ. ಕಳುವಾದದ್ದನ್ನು ಹುಡುಕುತ್ತಾ ಎಷ್ಟೋ ಸಲ ಅವರ ಜೊತೆ ಸುತ್ತಿದವನು ನಾನು.

"ಎರಡು ಸ್ಲೈಡಿನ ಚೀಟಿ ಅದಲು ಬದಲಾಗಿದೆ," ಎಂದರು ಡಾಕ್ಟರು. "ಒಂದು ಟೈಲರ್ ಹೆಂಗಸಿನ ಗಡ್ಡೆದು, ಇನ್ನೊಂದು ಶಾಲೆ ಟೀಚರದು. ತುಣುಕಿನ ಆಕಾರ ಅವರವರ ಹಳೇ ಸ್ಲೈಡಿಗೆ ಹೊಂದಲಿಲ್ಲ, ಅದಕ್ಕೇ ಗೊತ್ತಾಯ್ತು. ಯಾವ ಔಷಧಿ ಅಂತ ನಾಲ್ಕು ಗಂಟೆ ಮೀಟಿಂಗಲ್ಲಿ ತೀರ್ಮಾನ ಆಗುತ್ತೆ. ಅಷ್ಟರಲ್ಲಿ ಮಾಡಿದವರು ಯಾರು ಅಂತ ತಿಳೀದಿದ್ರೆ, ಬಣ್ಣ ಹಾಕಿದವಳೇ ಕೆಲಸ ಬಿಟ್ಟು ಮನೆಗೆ ಹೋಗ್ಬೇಕು."

"ನಾನಲ್ಲ ಸಾರ್," ಎಂದಳು ಟೆಕ್ನಿಷಿಯನ್. ಅದನ್ನು ಅವಳು ಹೇಳುತ್ತಿದ್ದದ್ದು ನಾಲ್ಕನೆಯ ಸಲ.

"ಬಣ್ಣ ಹಾಕಿ ಏನು ನೋಡ್ತೀರಿ?" ಎಂದು ಕೇಳಿದರು ಸ್ಟೋರಮ್ಮ.

"ಒಂದು ಪ್ರೋಟೀನನ್ನ," ಎಂದರು ಡಾಕ್ಟರು. "ಜೀವಕೋಶಕ್ಕೆ ಪೆಟ್ಟು ಬಿದ್ರೆ ಅದು ಎರಡಾಗದ ಹಾಗೆ ಈ ಪ್ರೋಟೀನು ತಡೆಯುತ್ತೆ. ರಿಪೇರಿಗೆ ಪುರುಸೊತ್ತು ಕೊಡುತ್ತೆ. ರಿಪೇರಿ ಆಗಲ್ಲ ಅಂದ್ರೆ ಕೋಶವನ್ನೇ ಮುಗಿಸುತ್ತೆ. ಪ್ರೋಟೀನೇ ಕೆಟ್ಟರೆ ತಡೆಯೋರಿಲ್ಲ, ಗಡ್ಡೆ ಬೆಳೆಯುತ್ತೆ. ಅದು ಇರೋ ಕಡೆ ಕಂದು ಬಣ್ಣ ಕಾಣುತ್ತೆ."

ಇಷ್ಟು ನನಗೂ ಗೊತ್ತಿತ್ತು. ಕೋಶದ ಕಾವಲುಗಾರ ಅದು ಎಂದು ಊಟದ ಹೊತ್ತಿನಲ್ಲಿ ಸ್ಟೋರಮ್ಮನೂ ಸೇರಿ ಎಲ್ಲರೆದುರು ಹೇಳಿ ಮೆರೆದಿದ್ದೆ.

"ಟೈಲರ್ ಹೆಸರಲ್ಲಿ ಯಾವುದು ಬಂತು?"

"ಕಡು ಕಂದು. ನಿಜವಾಗಿ ಅವಳದ್ದು ತಿಳಿ ಬಣ್ಣದ್ದು. ಕಡು ಕಂದು ಅಂದ್ರೆ ಕೆಟ್ಟ ಸುದ್ದಿ. ಯಾರೋ ಬೇಕಂತಲೇ ಅದನ್ನ ಅವಳ ತಲೆಗೆ ಕಟ್ಟಿದ್ದಾರೆ."

ಉದ್ದಣ್ಣ ಗೋಡೆಗೆ ಒರಗಿದ. ಸೆಖೆಗೇ ಇರಬೇಕೆಂದು ನಾನು ನೀರು ಕೊಟ್ಟೆ. ರಾಸಾಯನಿಕದ ವಾಸನೆ ಮೂಗಿಗೆ ಅಡರುತ್ತಿತ್ತು. ಮುಚ್ಚಿದ ಕೋಣೆಯಲ್ಲಿ ಒಬ್ಬರ ಉಸಿರು ಇನ್ನೊಬ್ಬರಿಗೆ ಕೇಳುತ್ತಿತ್ತು.

ಡಾಕ್ಟರು ಟೈಪಿಸ್ಟಿನ ಕಡೆ ತಿರುಗಿದರು. "ನಿನ್ನೆ ಕೌಂಟರಲ್ಲಿ ಆ ಟೈಲರ್ ನಿನ್ನ ಮಾನ ತೆಗೆದಳಂತೆ?"

"ವರದಿ ತಡ ಅಂತ ಬೈದರು. ಬೈಸಿಕೊಳ್ಳೋದು ನನಗೆ ಸಂಬಳದ ಜೊತೆ ಬರೋದು ಸಾರ್."

ಸ್ಟೋರಮ್ಮ ಟ್ರೇಯ ಸ್ಲೈಡುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಎಲ್ಲರ ಬಳಿಯೂ ಒಂದು ಸುತ್ತು ಬಂದು ಉದ್ದಣ್ಣನ ತೋಳು ಹಿಡಿದರು. "ಕೋಟಿಗೆ ಹಾಕಿರೋ ತೇಪೆ ಗೊತ್ತೇ ಆಗಲ್ವಲ್ಲೋ. ಯಾರು ಹೊಲಿದದ್ದು?"

"ಮನೇಲಿ," ಎಂದ ಅವನು.

ಸ್ಟೋರಮ್ಮ ಗೋಡೆ ಗಡಿಯಾರ ನೋಡಿಕೊಂಡು ಗೋಡೆಯುದ್ದಕ್ಕೂ ಅಡ್ಡಾಡಿದರು. ಮೂರೂಮುಕ್ಕಾಲಿಗೆ ನಮ್ಮನ್ನೆಲ್ಲ ಮೇಜಿನ ಸುತ್ತ ಸ್ಟೂಲುಗಳ ಮೇಲೆ ಕೂರಿಸಿದರು.

"ಈ ಚೀಟಿ ನೋಡಿ ಸಾರ್. ಬಣ್ಣ ಹಾಕೋ ಇವಳು ಚೀಟಿ ಅಂಟಿಸಿದ ಪ್ರತಿ ಸ್ಲೈಡಲ್ಲೂ ಅಂಚಿಗೆ ಉಗುರಿನಷ್ಟು ಜಾಗ ಬಿಟ್ಟಿದ್ದಾಳೆ. ಈ ಎರಡರಲ್ಲಿ ಮಾತ್ರ ಚೀಟಿ ಅಂಚಿಗೇ ಕೂತಿದೆ. ಕಿತ್ತು ಅಂಟಿಸಿದ್ದು ಬೇರೆ ಕೈ."

"ಹಾಗಾದ್ರೆ ಟೈಪಿಸ್ಟು."

"ಅವಳಿಗೆ ಗಾಜು ಮುಟ್ಟೋ ದರ್ದೇನು? ಕೇಡು ಮಾಡಬೇಕಿದ್ರೆ ವರದೀಲಿ ಒಂದು ಸಾಲು ತಿದ್ದಿದ್ರೆ ಸಾಕಿತ್ತು. ನೀವು ಟೈಲರಿನ ಶತ್ರು ಯಾರು ಅಂತ ಹುಡುಕ್ತಾ ಇದ್ದೀರಿ. ನಾನು ಅವಳಿಗೆ ಬೇಕಾದವರು ಯಾರು ಅಂತ ಹುಡುಕಿದೆ. ಕಂದು ಇದ್ದಲ್ಲಿ ಕಾವಲುಗಾರ ಇದ್ದಾನೆ, ಕಾವಲುಗಾರ ಇದ್ರೆ ಕ್ಯಾನ್ಸರ್ ನಿಲ್ಲುತ್ತೆ. ಇಷ್ಟೇ ಕೇಳಿಸಿಕೊಂಡವನಿಗೆ ಯಾವ ಸ್ಲೈಡು ಒಳ್ಳೇದು ಅನ್ನಿಸುತ್ತೆ?"

"ಕಡು ಕಂದು," ಎಂದೆ. ಊಟದ ಹೊತ್ತಿನ ನನ್ನ ಮಾತು ನೆನಪಾಯಿತು.

"ಒಣಗಿಸೋ ಕೋಣೆಯಿಂದ ಡಾಕ್ಟರ ಮೇಜಿಗೆ ಟ್ರೇ ತಂದವನು ಒಬ್ಬನೇ. ಕಡು ಕಂದು ಕೆಟ್ಟದ್ದು ಅಂತ ಕೇಳಿದ ಕೂಡಲೇ ಗೋಡೆ ಹಿಡಿದವನೂ ಅವನೇ. ಶತ್ರುವಾಗಿದ್ರೆ ಒಳಗೊಳಗೇ ನಗ್ತಿದ್ದ. ಇನ್ನು ಆ ತೇಪೆ ಕಸುಬುದಾರರ ಕೈಯದು." ಗಡಿಯಾರದಲ್ಲಿ ನಾಲ್ಕಕ್ಕೆ ಎಂಟು ನಿಮಿಷವಿತ್ತು. ಅವರು ದನಿ ತಗ್ಗಿಸಿದರು. "ಆ ಟೈಲರ್ ನಿನಗೇನಾಗಬೇಕಪ್ಪ?"

"ಅಕ್ಕ," ಎಂದ ಉದ್ದಣ್ಣ. "ಅಮ್ಮ ಹೋದಮೇಲೆ ಹೊಲಿಗೆ ಮಿಷನ್ನಿನ ಪಕ್ಕ ಮಲಗಿಸಿಕೊಂಡು ಬೆಳೆಸಿದ್ದು ಅವಳೇ. ಸಂಬಂಧಿಕರ ಸ್ಯಾಂಪಲ್ ನಾವು ಮುಟ್ಟೋ ಹಾಗಿಲ್ಲ. ಹೇಳಿದ್ರೆ ಬೇರೆ ಕಡೆ ಹಾಕ್ತಿದ್ರಿ, ಅದಕ್ಕೇ ಬಾಯಿ ಬಿಡಲಿಲ್ಲ. ಕ್ಯಾನ್ಸರಿನ ಖಾರದ ಔಷಧಿ ಅವಳು ತಡ್ಕೊಳ್ಳಲ್ಲ ಸಾರ್. ಒಳ್ಳೆ ಬಣ್ಣ ಬಂದ್ರೆ ಕಡಿಮೆ ಕೊಡ್ತಾರೆ ಅಂದ್ಕೊಂಡೆ."

ಡಾಕ್ಟರು ಕನ್ನಡಕ ತೆಗೆದರು. "ಸರಿಯಾಗಿರೋ ಪ್ರೋಟೀನು ಕೋಶದಲ್ಲಿ ಠಿಕಾಣಿ ಹೂಡಲ್ಲ ಕಣಯ್ಯ. ಹುಟ್ಟುತ್ತೆ, ಕರಗುತ್ತೆ. ಅದಕ್ಕೇ ಬಣ್ಣ ತಿಳಿ. ಕೆಟ್ಟದ್ದು ಕರಗೋದಿಲ್ಲ. ಕೆಲಸ ಮಾಡದೆ ಅಲ್ಲೇ ರಾಶಿ ಬೀಳುತ್ತೆ. ನಿನ್ನ ಅಕ್ಕನ ಕಾವಲುಗಾರ ಇನ್ನೂ ಕೆಟ್ಟ ಹಾಗೆ ಕಾಣ್ತಿಲ್ಲ. ಒಳ್ಳೇದನ್ನೇ ನೀನು ಕಿತ್ತು ಬೇರೆಯವರಿಗೆ ಕೊಟ್ಟಿದ್ದೆ."

ಉದ್ದಣ್ಣನ ಮುಖ ಅರಳಲು ಹೋಗಿ ಅಲ್ಲೇ ನಿಂತಿತು. "ಹಾಗಾದ್ರೆ ಕಡು ಕಂದು ಟೀಚರದ್ದು. ಅಕ್ಕನ ಪಕ್ಕದ ಮಂಚ ಅವರದ್ದು ಸಾರ್. ದಿನಾ ಅವರಿಗೂ ನಾನೇ ಟೀ ತಂದು ಕೊಡ್ತೀನಿ."

"ಹೊಸ ತುಣುಕು ಕತ್ತರಿಸಿ ಇನ್ನೊಂದು ಸಲ ನೋಡ್ತೀವಿ. ಇವತ್ತು ಈ ಇಬ್ಬರ ತೀರ್ಮಾನ ಇಲ್ಲ," ಎಂದರು ಡಾಕ್ಟರು. ಟೆಕ್ನಿಷಿಯನ್ ಕಡೆ ನೋಡದೆಯೇ, "ತಪ್ಪು ತಿಳಿದೆ ಕಣಮ್ಮ. ಮೀಟಿಂಗಿಗೆ ಟ್ರೇ ನೀನೇ ತಗೊಂಡು ಬಾ," ಎಂದು ಹೇಳಿ ಬಾಗಿಲು ತೆರೆದರು. ಹೊರಗಿನ ಗಾಳಿ ಒಳಗೆ ಬಂತು.

ಟೆಕ್ನಿಷಿಯನ್ ಟ್ರೇ ಎತ್ತಿಕೊಂಡು ಅವನೆದುರು ನಿಂತಳು. "ನನ್ನನ್ನ ಮನೆಗೆ ಕಳಿಸ್ತಿದ್ರು ಅಣ್ಣ. ನೀನು ನೋಡ್ತಾ ಕೂತಿದ್ದೆಯಲ್ಲ?"

"ನಾಲ್ಕಕ್ಕೆ ಹತ್ತು ನಿಮಿಷ ಇದೆ ಅನ್ನೋವಾಗ ನಾನೇ ಹೇಳಿಬಿಡ್ತಿದ್ದೆ ತಂಗಿ. ಆಣೆ ಮಾಡಿ ಹೇಳ್ತೀನಿ."

ಅವಳು ಡಾಕ್ಟರ ಹಿಂದೆ ಹೊರಟಳು. ನಾನು ತಲೆಯೆತ್ತಿ ನೋಡಿದೆ. ಗಡಿಯಾರದಲ್ಲಿ ನಾಲ್ಕಕ್ಕೆ ಮೂರು ನಿಮಿಷವಿತ್ತು; ಸ್ಟೋರಮ್ಮ ಅವನನ್ನು ಕೇಳುವ ಮೊದಲೇ ಅವನು ಹೇಳಿದ ಆ ಹೊತ್ತು ದಾಟಿಹೋಗಿತ್ತು. ಸ್ಟೋರಮ್ಮನೂ ನೋಡಿದರು. ನಾವಿಬ್ಬರೂ ಅದನ್ನು ಅವನಿಗೆ ಹೇಳಲಿಲ್ಲ.