ಮೆಲ್ಲಣ್ಣನ ನಿದ್ದೆ

ಬಸ್ಸು ರಸ್ತೆಗೆ ಅಡ್ಡವಾಗಿ ನಿಂತಿತ್ತು. ಮುಂದಿನ ಗಾಜು ಪುಡಿಯಾಗಿತ್ತು. ಸೀಟುಗಳ ಮೇಲೆ ಕಲ್ಲುಗಳು, ಮೆಟ್ಟಿಲ ಮೇಲೆ ಒಂದೇ ಒಂದು ಚಪ್ಪಲಿ. ಡ್ರೈವರ್ ಸೀಟಿನ ಬೆನ್ನಿಗೆ ಹಳದಿ ಟವೆಲ್ಲೊಂದು ನೇತಾಡುತ್ತಿತ್ತು. ಡ್ರೈವರ್ ಮಾತ್ರ ಇರಲಿಲ್ಲ.

"ತಪ್ಪಿಸಿಕೊಂಡಿದ್ದಾನೆ ಮೇಡಂ," ಎಂದರು ದಫೇದಾರರು. "ನಾಲ್ಕೈದು ಜನ ಕೆಳಗೆ ಎಳೆದು ಹಾಕಿದ್ರಂತೆ. ಹೇಗೋ ಕೊಸರಿಕೊಂಡು ಗಲ್ಲಿಯೊಳಗೆ ನುಗ್ಗಿದ್ದಾನೆ. ಹುಡುಕಿದ್ವಿ, ಸಿಗಲಿಲ್ಲ."

"ಪೆಟ್ಟು?"

"ಸ್ಟೀರಿಂಗ್ ಮೇಲೆ ರಕ್ತ ಇದೆ. ಪುಣ್ಯಕ್ಕೆ ಮಕ್ಕಳಿನ್ನೂ ಹತ್ತಿರಲಿಲ್ಲ."

ಇನ್ಸ್‌ಪೆಕ್ಟರ್ ಮೇಡಂ ಫೋನ್ ತೆರೆದರು. ನಿನ್ನೆ ಸಂಜೆಯಿಂದ ಊರೆಲ್ಲ ನೋಡುತ್ತಿದ್ದ ವಿಡಿಯೊ. 'ಊರ ಕಣ್ಣು' ಎಂಬ ಪೇಜಿನಲ್ಲಿ ಬಂದದ್ದು. ಡ್ರೈವರ್ ಕಣ್ಣು ಮುಚ್ಚಿದ್ದಾನೆ, ಬಾಯಿ ತೆರೆದಿದೆ. ಕಿಟಕಿಯಾಚೆ ನೀಲಿ ಗೋಡೆಯೊಂದು ಹಿಂದಕ್ಕೆ ಸರಿಯುತ್ತಿದೆ. ಇಂಜಿನ್ ಸದ್ದು, ಮಗುವಿನ ಅಳು. ಮುಖದಿಂದ ಕೆಳಗೆ ಏನೂ ಕಾಣುವುದಿಲ್ಲ. ಕೆಳಗೊಂದು ಸಾಲು: 'ಶಾಲೆ ಬಸ್ಸಿನಲ್ಲಿ ಗೊರಕೆ. ನಿಮ್ಮ ಮಗು ಇದರಲ್ಲಿದೆಯೇ?'

"ಈತನ ಹೆಸರೇನು?"

"ಎಲ್ಲರೂ ಮೆಲ್ಲಣ್ಣ ಅಂತಾರೆ ಮೇಡಂ. ಅಷ್ಟು ನಿಧಾನ ಓಡಿಸ್ತಾನೆ. ಸೈಕಲ್‌ನೋರೂ ಹಿಂದೆ ಹಾಕಿ ಹೋಗ್ತಾರೆ."

ಇನ್ಸ್‌ಪೆಕ್ಟರ್ ವಿಡಿಯೊವನ್ನು ಇನ್ನೊಮ್ಮೆ ನೋಡಿದರು. ಮೆಲ್ಲಗೆ ಹೋಗುವವನ ಕಿಟಕಿಯಲ್ಲಿ ಗೋಡೆ ಬಲು ಜೋರಾಗಿ ಸರಿಯುತ್ತಿತ್ತು.

*

ಠಾಣೆಯ ಬೆಂಚಿನ ಮೇಲೆ ಮೆಲ್ಲಣ್ಣನ ಹೆಂಡತಿ ಕೂತಿದ್ದಳು. ಫೋನನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು.

"ನನ್ನ ಮೆಸೇಜೆಲ್ಲ ನೋಡ್ತಿದ್ದಾರೆ ಮೇಡಂ. ಕೆಳಗಿನ ಗೀಟು ನೀಲಿ ಆಗುತ್ತೆ. ಉತ್ತರ ಮಾತ್ರ ಇಲ್ಲ. ಫೋನ್ ಮಾಡಿದ್ರೆ ಎತ್ತಲ್ಲ. ಒಂದೇ ಒಂದು ಸಲ ಬರೆದ್ರು."

"ಏನಂತ?"

ಅವಳು ತೋರಿಸಿದಳು. 'ನಾನೇ ಇಲ್ಲದಿದ್ರೆ ಇದೆಲ್ಲ ನಿಲ್ಲುತ್ತೆ.'

ಮೆಲ್ಲಣ್ಣನ ಫೋನ್ ಎಲ್ಲಿದೆ ಎಂದು ಮೊಬೈಲ್ ಕಂಪನಿಗೆ ಬರೆದಾಗಿತ್ತು. ವಿಡಿಯೊ ಮೊದಲು ಎಲ್ಲಿಂದ ಹೊರಟಿತೆಂದು ಪೇಜಿನ ಕಂಪನಿಯನ್ನೂ ಕೇಳಿಯಾಗಿತ್ತು. ಎರಡಕ್ಕೂ ಬಂದ ಉತ್ತರ ಒಂದೇ: 'ನಿಮ್ಮ ಮನವಿ ತಲುಪಿದೆ.'

ಅಷ್ಟರಲ್ಲಿ ಮೇಲಧಿಕಾರಿ ಸಾಹೇಬರ ಕರೆ ಬಂತು.

"ನೋಡಮ್ಮ, ಡಿಪೊ ಮುಂದೆ ಜನ ಸೇರ್ತಿದ್ದಾರೆ. ಊರಿನ ಇಂಟರ್‌ನೆಟ್ಟೇ ನಿಲ್ಲಿಸಿಬಿಡೋಣ. ಹೊಸ ಕಾನೂನಿದೆ, ಒಂದು ಸಹಿ ಸಾಕು."

"ಬೇಡ ಸಾರ್. ಆತನಿಗೂ ನಮಗೂ ಇರೋದು ಅದೊಂದೇ ದಾರಿ. ಕಡಿದ್ರೆ ಆತ ಕೊನೇ ಸಲ ನೋಡಿದ್ದು ಬೈಗುಳಾನೇ ಆಗುತ್ತೆ."

"ಆ ಕಡೆ ಇನ್ನೊಂದು ಬಸ್ಸಿಗೆ ಬೆಂಕಿ ಬಿದ್ರೆ?"

"ಮಧ್ಯಾಹ್ನದವರೆಗೆ ಟೈಮ್ ಕೊಡಿ ಸಾರ್."

ಸಾಹೇಬರು ಉಸಿರು ಬಿಟ್ಟರು. "ಮಧ್ಯಾಹ್ನ ಊಟಕ್ಕೆ ಮುಂಚೆ. ಆಮೇಲೆ ನಿನ್ನ ಮಾತು ಕೇಳಲ್ಲ."

ಹೆಂಡತಿ ಎಲ್ಲ ಕೇಳಿಸಿಕೊಂಡಿದ್ದಳು. "ಮುಚ್ಚಿಸಿಬಿಡಬೇಕಿತ್ತು ಮೇಡಂ. ನಿನ್ನೇನೇ ಮುಚ್ಚಿಸಿದ್ರೆ ನನ್ನ ಗಂಡ ಈಗ ಮನೇಲಿರ್ತಿದ್ರು."

ಇನ್ಸ್‌ಪೆಕ್ಟರ್ ಟೋಪಿ ಹಾಕಿಕೊಂಡು ಹೊರಟರು.

*

'ಊರ ಕಣ್ಣು' ನಡೆಸುವವನದು ಮೊಬೈಲ್ ರಿಪೇರಿ ಅಂಗಡಿ. ಗಾಜಿನ ಕಪಾಟಿನ ತುಂಬ ಬಿಚ್ಚಿಟ್ಟ ಫೋನುಗಳು. ಅವನು ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿ ತೆಗೆದು, ಸ್ಟೂಲು ಒರೆಸಿ ಮುಂದಿಟ್ಟ.

"ಕೂತ್ಕೊಳ್ಳಿ ಮೇಡಂ. ಯಾವುದೋ ಗೊತ್ತಿಲ್ಲದ ನಂಬರಿಂದ ಬಂತು. ಹಾಕ್ದೆ. ಆಮೇಲೆ ನಂಬರ್ ಅಳಿಸಿಬಿಟ್ಟೆ."

"ನಿಜವೋ ಸುಳ್ಳೋ ನೋಡಲಿಲ್ವಾ?"

"ಕಣ್ಣಿಗೆ ಕಾಣ್ತಿದೆಯಲ್ಲ. ಟವೆಲ್ ಮಡಚಿ, ದಿಂಬು ಮಾಡ್ಕೊಂಡು ಹಾಯಾಗಿ ಮಲಗ್ತಾನೆ ಆ ಮನುಷ್ಯ. ಅವನನ್ನ ಬಿಟ್ಟು ನನ್ನನ್ನ ಕೇಳ್ತೀರಿ. ಸರ್ಕಾರಕ್ಕೆ ನಮ್ಮಂಥೋರ ಬಾಯಿ ಮುಚ್ಚಿಸೋದೇ ಕೆಲಸ ಆಗೋಯ್ತು. ನಾವು ಜನರ ದನಿ ಮೇಡಂ."

"ಜನರ ದನಿ ಈಗ ಡಿಪೊ ಮುಂದೆ ಕಲ್ಲು ಹಿಡ್ಕೊಂಡು ನಿಂತಿದೆ," ಎಂದು ಇನ್ಸ್‌ಪೆಕ್ಟರ್ ಎದ್ದರು.

*

ಡಿಪೊದಲ್ಲಿ ಎಲ್ಲರ ಬೆರಳೂ ಬದಲಿ ಡ್ರೈವರ್ ಕಡೆಗಿತ್ತು. ಶಾಲೆ ರೂಟು ತನಗೆ ಬೇಕೆಂದು ಅವನು ಮೆಲ್ಲಣ್ಣನ ಜತೆ ಹೋದ ವಾರವಷ್ಟೇ ಕಿತ್ತಾಡಿದ್ದ.

"ಜಗಳ ಆಡಿದ್ದು ನಿಜ," ಎಂದ ಅವನು. "ಆದ್ರೆ ಆ ಮನುಷ್ಯ ಗೇರ್ ಹಾಕೋಕೇ ಮುಹೂರ್ತ ನೋಡ್ತಾನೆ. ನಿದ್ದೆಗಣ್ಣಲ್ಲಿ ಬಸ್ ಓಡಿಸ್ದ ಅಂದ್ರೆ ನಾನಂತೂ ನಂಬಲ್ಲ. ಇನ್ನು ವಿಡಿಯೊ ತೆಗೆದೋನು ನಾನೇ ಅಂತೀರಾ?" ಜೇಬಿನಿಂದ ಫೋನ್ ತೆಗೆದು ಮೇಜಿನ ಮೇಲಿಟ್ಟ. ಬಟನ್ ಫೋನು. ಅರ್ಧ ಬಟನ್‌ಗಳ ಮೇಲೆ ಅಂಕೆಯೇ ಅಳಿಸಿಹೋಗಿತ್ತು.

ದಫೇದಾರರು ನಗು ನುಂಗಿದರು.

ಇನ್ಸ್‌ಪೆಕ್ಟರ್ ಸಾಲಾಗಿ ನಿಂತಿದ್ದ ಬಸ್ಸುಗಳಲ್ಲಿ ಒಂದನ್ನು ಹತ್ತಿ, ಡ್ರೈವರ್ ಸೀಟಿನಲ್ಲಿ ಕೂತರು. ವಿಡಿಯೊ ಯಾವ ಜಾಗದಿಂದ ತೆಗೆದದ್ದು ಎಂದು ತಿರುಗಿ ತಿರುಗಿ ನೋಡಿದರು. ಸೀಟಿನ ಹಿಂದಿನಿಂದ, ಸ್ವಲ್ಪ ಪಕ್ಕಕ್ಕೆ. ಬಸ್ಸಿನೊಳಗೆ ನಿಂತವರೇ ತೆಗೆದಿರಬೇಕು.

ಇದ್ದಕ್ಕಿದ್ದಂತೆ ಬಸ್ಸು ಹೊರಟಿತು.

ಅವರು ಗಾಬರಿಯಾಗಿ ಸ್ಟೀರಿಂಗ್ ಹಿಡಿದು, ಎರಡೂ ಕಾಲಲ್ಲಿ ಬ್ರೇಕ್ ಒತ್ತಿದರು. ಬಸ್ಸು ನಿಲ್ಲಲಿಲ್ಲ.

"ಮೇಡಂ, ಏನ್ ಮಾಡ್ತಿದ್ದೀರಿ?" ಕೆಳಗಿನಿಂದ ದಫೇದಾರರು ಕೂಗಿದರು. "ಬಸ್ ನಿಂತೇ ಇದೆ. ಪಕ್ಕದ್ದು ಹಿಂದೆ ಹೋಗ್ತಿದೆ."

ಇನ್ಸ್‌ಪೆಕ್ಟರ್ ಕಿಟಕಿಯ ಕಡೆ ತಿರುಗಿದರು. ಪಕ್ಕದ ಬಸ್ಸಿನ ನೀಲಿ ಮೈ ಕಿಟಕಿಯಾಚೆ ಸರಿಯುತ್ತಿತ್ತು. ಒಂದು ಗೋಡೆಯಂತೆ. ಆ ಬಸ್ಸಿಗೂ ಈ ಬಸ್ಸಿಗೂ ನಡುವೆ ಒಬ್ಬ ಮನುಷ್ಯ ಅಡ್ಡವಾಗಿ ನುಸುಳುವಷ್ಟು ಜಾಗ. ಅದಕ್ಕೇ ಇರಬೇಕು, ಸಾಲಿನ ಎಲ್ಲ ಬಸ್ಸುಗಳೂ ತಮ್ಮ ಪಕ್ಕದ ಕನ್ನಡಿಗಳನ್ನು ಒಳಕ್ಕೆ ಮಡಚಿಕೊಂಡಿದ್ದವು, ಮಲಗಿದ ಕುದುರೆಯ ಕಿವಿಗಳಂತೆ.

ಅವರು ವಿಡಿಯೊ ತೆರೆದು ನಿಲ್ಲಿಸಿ ನೋಡಿದರು. ಚಿತ್ರದ ಅಂಚಿನಲ್ಲಿ ಗಾಜಿಗೆ ಅಂಟಿಕೊಂಡಂತೆ ಕಪ್ಪಗೆ ಏನೋ ಇತ್ತು. ಮಡಚಿದ ಕನ್ನಡಿಯ ಬೆನ್ನು.

"ಕನ್ನಡಿ ಮಡಚಿಕೊಂಡು ಯಾರಾದ್ರೂ ರಸ್ತೆಗೆ ಇಳೀತಾರಾ?" ಎಂದು ಡಿಪೊದವರನ್ನು ಕೇಳಿದರು.

"ಗೇಟೇ ದಾಟಲ್ಲ ಮೇಡಂ. ಮೊದಲು ಕನ್ನಡಿ ಬಿಡಿಸೋದು, ಆಮೇಲೇ ಗೇರು."

"ಹಾಗಾದ್ರೆ ಮೆಲ್ಲಣ್ಣ ನಿದ್ದೆ ಮಾಡಿದ್ದು ಇಲ್ಲೇ. ನಿಂತ ಬಸ್ಸಲ್ಲಿ. ತೆಗೆದೋರು ನಿಮ್ಮಲ್ಲೇ ಒಬ್ರು."

ಎಲ್ಲರಿಗಿಂತ ಹಿಂದೆ ನಿಂತಿದ್ದ ಕಂಡಕ್ಟರ್ ತನ್ನ ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತುತ್ತಿದ್ದ. ಡಿಪೊದಲ್ಲಿ ಅವನಿಗೆ 'ತರ್ಲೆ' ಎಂದೇ ಹೆಸರು. ಅವತ್ತು ಬೆಳಗಿನಿಂದ ಅವನು ಒಂದೂ ತರಲೆ ಮಾತಾಡಿರಲಿಲ್ಲ.

"ನೀನೇನಪ್ಪ?" ಎಂದರು ಇನ್ಸ್‌ಪೆಕ್ಟರ್.

ಅವನ ಕಣ್ಣಲ್ಲಿ ನೀರು ಬಂತು. "ತಮಾಷೆಗೆ ತೆಗೆದೆ ಮೇಡಂ. ಊಟ ಆದ್ಮೇಲೆ ಅಣ್ಣ ಗೊರಕೆ ಹೊಡೀತಿದ್ರು. ಎದ್ದ ಮೇಲೆ ತೋರಿಸಿ ರೇಗಿಸೋಣ ಅಂತಿದ್ದೆ. ದೇವರಾಣೆಗೂ ಯಾರಿಗೂ ಕಳಿಸಿಲ್ಲ. ನಾನು ತೆಗೆದಿದ್ದರಲ್ಲಿ ಮಗು ಅಳೋದೇ ಇಲ್ಲ. ಹೇಳಿದ್ರೆ ಕೆಲಸ ಹೋಗುತ್ತೆ ಅಂತ ಬಾಯಿ ಬಿಡಲಿಲ್ಲ."

"ತೋರಿಸು."

ಉದ್ದನೆಯ ವಿಡಿಯೊ. ಪಕ್ಕದ ಬಸ್ಸು ಪೂರ್ತಿ ಹಿಂದೆ ಸರಿದು, ಡಿಪೊದ ಅಂಗಳ ಕಾಣುತ್ತದೆ. ತರ್ಲೆಯ ಕಿಸಿಕಿಸಿ ನಗು. ಸ್ಟೀರಿಂಗ್ ಮೇಲೆ ಮಡಚಿಟ್ಟ ಹಳದಿ ಟವೆಲ್, ಅದರ ಮೇಲೆ ಮೆಲ್ಲಣ್ಣನ ಕೆನ್ನೆ.

ಇನ್ಸ್‌ಪೆಕ್ಟರ್ ಆ ಟವೆಲ್ಲನ್ನೇ ನೋಡುತ್ತಾ ನಿಂತರು.

"ನಿನ್ನ ಫೋನಿನ ಗಾಜು ಹೊಸದಲ್ವಾ?"

"ಹೌದು ಮೇಡಂ. ಒಡೆದಿತ್ತು. ನಿನ್ನೆ ರಿಪೇರಿಗೆ ಕೊಟ್ಟಿದ್ದೆ."

ಎಲ್ಲಿ ಎಂದು ಅವರು ಕೇಳಲೇ ಇಲ್ಲ. ಜೀಪಿನ ಕಡೆ ಹೊರಟಾಗಿತ್ತು.

*

"ಟವೆಲ್ ಮಡಚಿ ದಿಂಬು ಮಾಡ್ಕೊಂಡಿದ್ದ ಅಂದ್ರಲ್ಲ," ಎಂದರು ಇನ್ಸ್‌ಪೆಕ್ಟರ್. "ನಿಮ್ಮ ಪೇಜಲ್ಲಿರೋ ವಿಡಿಯೊದಲ್ಲಿ ಟವೆಲ್ ತೋರಿಸಿ."

ಅಂಗಡಿಯವನು ಫೋನ್ ತೆಗೆದ. ನೋಡಿದ. ಮತ್ತೆ ನೋಡಿದ.

"ಕಾಣಲ್ಲ. ಯಾಕಂದ್ರೆ ನೀವೇ ಕತ್ತರಿಸಿದ್ರಿ. ದಿಂಬು ಹಾಕ್ಕೊಂಡು ಬಸ್ ಓಡಿಸ್ತಾನೆ ಅಂದ್ರೆ ಯಾರೂ ನಂಬ್ತಿರಲಿಲ್ಲ. ಕಂಡಕ್ಟರ್ ಫೋನ್ ರಿಪೇರಿಗೆ ಬಂತು, ಪೂರ್ತಿ ವಿಡಿಯೊ ನೋಡಿದ್ರಿ. ನಗು ತೆಗೆದು ಅಳು ಸೇರಿಸಿದ್ರಿ. ಗೊತ್ತಿಲ್ಲದ ನಂಬರ್ ಅನ್ನೋದೇ ಇಲ್ಲ."

ಅವನು ಫೋನನ್ನು ಕಪಾಟಿನ ಮೇಲೆ ಮಗುಚಿಟ್ಟ. "ಪೇಜ್ ನೋಡೋರೇ ಇರಲಿಲ್ಲ ಮೇಡಂ. ಕಲ್ಲು ಹೊಡೀತಾರೆ ಅಂತ ಅಂದ್ಕೊಂಡಿರಲಿಲ್ಲ."

"ನಿಮ್ಮ ಮೇಲೆ ಕೇಸು ಇದ್ದೇ ಇದೆ. ಅದಕ್ಕೆ ಮುಂಚೆ ಇನ್ನೊಂದು ಕೆಲಸ. ಆ ಸುಳ್ಳನ್ನ ತೆಗೆದು, ಪೂರ್ತಿ ವಿಡಿಯೊ ಅದೇ ಪೇಜಿಗೆ ಹಾಕಿ. ಕತ್ತರಿಸಿದ್ದು ನಾನೇ ಅಂತ ಕೆಳಗೆ ಬರೀರಿ. ಈಗ್ಲೇ."

*

ಠಾಣೆಯಲ್ಲಿ ಎಲ್ಲರೂ ಕಾಯುತ್ತಿದ್ದರು. ಸಾಹೇಬರೂ ಬಂದಿದ್ದರು. ಡಿಪೊ ಮುಂದಿನ ಗುಂಪು ಕರಗುತ್ತಿದೆ ಎಂಬ ಸುದ್ದಿ ಬಂದಿತ್ತು. ವಿಡಿಯೊ ಒಬ್ಬರಿಂದೊಬ್ಬರಿಗೆ ಹೋಗುತ್ತಿತ್ತು. ನಿನ್ನೆ ಬೈದವರೇ ಇವತ್ತು ನಗುವ ಮುಖದ ಚಿಹ್ನೆ ಹಾಕುತ್ತಿದ್ದರು.

"ಹಾಗಾದ್ರೆ ಕಾನೂನೇ ಬೇಡ ಅಂತೀಯಾ?" ಎಂದರು ಸಾಹೇಬರು.

"ಬೇಕು ಸಾರ್. ಮೊದಲು ಹಾಕಿದ್ದು ಯಾರು ಅಂತ ಕೇಳಿದ್ರೆ ಕಂಪನಿ ಅವತ್ತೇ ಹೇಳೋ ಹಾಗೆ ಕಾನೂನು ಬೇಕು. ನಮ್ಮ ಮನವಿ ಅವರಿಗೆ ತಲುಪಿ ಕೂತಿದೆ, ಅಷ್ಟೇ. ಸುಳ್ಳು ಹಾಕಿದ ಜಾಗದಲ್ಲೇ ನಿಜ ಹಾಕಿಸೋ ಅಧಿಕಾರ ಬೇಕು. ಊರಿಗೂರೇ ಬೀಗ ಹಾಕಿದ್ರೆ ಈ ವಿಡಿಯೊ ಯಾರು ನೋಡ್ತಿದ್ರು?"

"ನಿನ್ನೆ ಸಂಜೆ ಬೀಗ ಹಾಕಿದ್ರೆ ಕಲ್ಲೂ ಬೀಳ್ತಿರಲಿಲ್ಲ," ಎಂದರು ಸಾಹೇಬರು, ಮೆಲ್ಲಣ್ಣನ ಹೆಂಡತಿಯ ಕಡೆ ನೋಡುತ್ತಾ.

"ಅದೂ ನಿಜ ಸಾರ್," ಎಂದರು ಇನ್ಸ್‌ಪೆಕ್ಟರ್.

ಹೆಂಡತಿಗೆ ಈ ಮಾತುಗಳು ಬೇಕಿರಲಿಲ್ಲ. ಅವಳು ಗಂಡನಿಗೆ ವಿಡಿಯೊ ಕಳಿಸಿ ಗೀಟನ್ನೇ ನೋಡುತ್ತಿದ್ದಳು. ಬೂದಿ ಬಣ್ಣ. ಇನ್ನೂ ಬೂದಿ ಬಣ್ಣ.

ಆಮೇಲೆ ನೀಲಿ.

ಫೋನ್ ರಿಂಗಾಯಿತು. ಎತ್ತುವ ಅವಸರದಲ್ಲಿ ಸ್ಪೀಕರೂ ಒತ್ತಿಹೋಯಿತು.

"ನಾನೇ ಕಣೇ," ಎಂದಿತು ಮೆಲ್ಲಗಿನ ದನಿ. "ಶಾಲೆ ಸ್ಟಾಪಿನ ಅಜ್ಜಿ ಮನೇಲಿದ್ದೀನಿ. ಮೊಮ್ಮಗಳನ್ನ ಕರ್ಕೊಂಡು ಅವರು ಬರೋ ತನಕ ದಿನಾ ಬಸ್ ನಿಲ್ಲಿಸ್ಕೊಂಡಿರ್ತೀನಲ್ಲ, ಅವರೇ. ಹಿತ್ತಲಿಂದ ಒಳಗೆ ಎಳೆದುಕೊಂಡು ಅಗುಳಿ ಹಾಕ್ಬಿಟ್ರು. ಹೊರಗೆ ಬಿಡ್ತಾನೇ ಇಲ್ಲ. ಹಣೆಗೆ ಸ್ವಲ್ಪ ಗಾಯ, ಅಷ್ಟೇ. ನಿನ್ನ ಹತ್ರ ಮಾತಾಡೋಕೆ ಮುಖ ಇರಲಿಲ್ಲ, ಅದಕ್ಕೇ ಫೋನ್ ಎತ್ತಲಿಲ್ಲ. ವಿಡಿಯೊ ನೋಡ್ದೆ. ಅಜ್ಜಿಗೂ ತೋರಿಸ್ದೆ. ಎರಡು ಸಲ ನೋಡಿ ನಕ್ರು."

ದಫೇದಾರರು ಜೀಪಿನ ಕೀಲಿ ತೆಗೆದುಕೊಂಡು ಆಗಲೇ ಬಾಗಿಲಲ್ಲಿದ್ದರು. ಇನ್ಸ್‌ಪೆಕ್ಟರ್ ಟೋಪಿ ತೆಗೆದು ಮೇಜಿನ ಮೇಲಿಟ್ಟರು. ಸಾಹೇಬರು ಸಹಿ ಮಾಡಲೆಂದು ಹಿಡಿದಿದ್ದ ಪೆನ್ನನ್ನು ಜೇಬಿಗೆ ಸಿಕ್ಕಿಸಿದರು.

ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಬಾಯಿಂದ ಹೊರಟದ್ದು ಬೈಗುಳವೇ.

"ಆ ಟವೆಲ್ ಒಗೆಯೋಕೆ ಹಾಕಿ ಅಂತ ಎಷ್ಟು ಸಲ ಹೇಳಿದ್ದೆ ನಿಮಗೆ? ಈಗ ನೋಡಿ, ಊರೆಲ್ಲ ನೋಡ್ತು ಅದರ ಕೊಳೇನ."