ನೋಡದೇ ಬಿಟ್ಟ ಒಂಬತ್ತು ಚೌಕಗಳು

ವ್ಯಾನಿನ ಬಾಗಿಲು ಸರಿಸಿ ಬ್ಯಾಗು ಒಳಗಿಡಲು ಬಗ್ಗಿದ ಮಾರ್ಗಿಟ್‌ಗೆ ಮೊದಲು ಕಂಡದ್ದು ಎಮೆಟ್‌ನ ಬೂಟುಗಳು. ಹನ್ನೆರಡನೇ ಸೈಜು. ಎಡಗಾಲಿನ ಲೇಸು ಬಲಗಾಲಿನದಕ್ಕಿಂತ ಹೊಸದು. ಏಳು ವರ್ಷ ಅವಳು ಮನೆಬಾಗಿಲಲ್ಲಿ ಅಂಥ ಬೂಟುಗಳನ್ನು ಎಡವಿದ್ದಳು. ಈಗ ಮೂರು ವರ್ಷದಿಂದ ಎಡವಿರಲಿಲ್ಲ.

“ನೀನಾ?”

“ನೀನು ಬರಲ್ಲ ಅಂದಿದ್ರು ನಿಮ್ಮಪ್ಪ.” ಹಿಂದಿನ ಸೀಟಿನಿಂದ ಏಳಲು ಹೋದ ಎಮೆಟ್ ವ್ಯಾನಿನ ಚಾವಣಿಗೆ ತಲೆ ತಾಗಿಸಿಕೊಂಡ.

“ನೀನು ಬರಲ್ಲ ಅಂದಿದ್ರು ನಮ್ಮಪ್ಪ.”

ಇಬ್ಬರೂ ಡ್ರೈವರ್ ಸೀಟಿನ ಕಡೆ ನೋಡಿದರು. ಎಪ್ಪತ್ತೊಂದು ವರ್ಷದ ವರ್ನನ್ ಹಾಲ್ವರ್ಸನ್, ಡ್ಯಾವನ್‌ಪೋರ್ಟಿನ ನಿವೃತ್ತ ಪೋಸ್ಟ್‌ಮ್ಯಾನ್, ಪಕ್ಕದ ಕನ್ನಡಿ ಸರಿಮಾಡುವುದರಲ್ಲಿ ಮುಳುಗಿದ್ದರು.

“ಅಪ್ಪಾ, ನಮಗೆ ಡೈವೋರ್ಸ್ ಆಗಿದೆ.”

“ನಿಮ್ಮಿಬ್ಬರಿಗೆ ಆಗಿದೆ ಕಣಮ್ಮ. ನನಗೂ ಅವನಿಗೂ ಆಗಿಲ್ಲ,” ಎಂದರು ವರ್ನನ್. “ಬಾಗಿಲು ಹಾಕು. ಮಿಲ್ವಾಕಿಯಲ್ಲಿ ಒಂದೂ ಹತ್ತಕ್ಕೆ ಆಟ ಶುರು.”

ಮುಂದಿನ ಸೀಟಿನಲ್ಲಿದ್ದ ಅವರ ತಂಗಿ ಬರ್ನೀಸ್ ಕಿಟಕಿಯ ಹೊರಗೆ ನೋಡುತ್ತ ನಗು ನುಂಗಿಕೊಂಡರು.

ಜುಲೈನಲ್ಲಿ ನಾಲ್ಕು ದಿನ, ಮೂರು ಊರು, ಮೂರು ಬೇಸ್‌ಬಾಲ್ ಆಟ: ಇದು ಹಾಲ್ವರ್ಸನ್ ಮನೆಯ ವಾಡಿಕೆ. ವಿಚ್ಛೇದನದ ಮೇಲೆ ಯಾರೂ ಹೇಳದೆಯೇ ಒಂದು ಸರದಿ ಏರ್ಪಟ್ಟಿತ್ತು. ಒಂದು ವರ್ಷ ಅವನು, ಒಂದು ವರ್ಷ ಅವಳು. ಈ ವರ್ಷ ವರ್ನನ್ ಸರದಿ ಮುರಿದಿದ್ದರು.

*

ಟಿಕೆಟ್ ತೆಗೆಯುವಾಗಲೂ ಅವರದೇ ಲೆಕ್ಕಾಚಾರ. ಮುಂದಿನ ಸಾಲಿನಲ್ಲಿ ಬರ್ನೀಸ್ ಮತ್ತು ಮಾರ್ಗಿಟ್, ಅದರ ಹಿಂದಿನ ಸಾಲಿನಲ್ಲಿ ಬರೆಯುವವರಿಬ್ಬರು.

ಬರೆಯುವುದು ಎಂದರೆ ಅಂಕಪುಸ್ತಕ. ಒಬ್ಬೊಬ್ಬ ಬ್ಯಾಟರ್‌ನ ಒಂದೊಂದು ಸರದಿಗೂ ಅದರಲ್ಲಿ ಒಂದು ಚೌಕ. ಏನಾಯಿತೆಂಬುದನ್ನು ಚೌಕದೊಳಗೆ ಪೆನ್ಸಿಲಿನಲ್ಲಿ ಗುರುತು ಹಾಕಬೇಕು. ವರ್ನನ್ ನಲವತ್ತು ವರ್ಷದಿಂದ ಬರೆಯುತ್ತಿದ್ದರು. ಎಮೆಟ್‌ಗೆ ಕಲಿಸಿದವರೂ ಅವರೇ. ಅವರದು ಒಂದೇ ಕಟ್ಟುನಿಟ್ಟು: ಕಣ್ಣಾರೆ ಕಂಡದ್ದನ್ನು ಮಾತ್ರ ಬರೆಯಬೇಕು. ಸ್ಕೋರ್‌ಬೋರ್ಡ್ ನೋಡಿ ತುಂಬಿಸುವಂತಿಲ್ಲ. ಗಮನ ತಪ್ಪಿದರೆ ಆ ಚೌಕದಲ್ಲಿ ಎರಡು ಡಬ್ಲ್ಯು: ‘ವಾಸಂಟ್ ವಾಚಿಂಗ್’, ಅಂದರೆ ‘ನೋಡುತ್ತಿರಲಿಲ್ಲ’.

ಎಮೆಟ್‌ಗೆ ಹೇಳಿಮಾಡಿಸಿದ ಕೆಲಸ. ಮಿಸಿಸಿಪಿ ನದಿಯಲ್ಲಿ ನೀರಿನ ಮಟ್ಟ ಏರಿಸಿ ಇಳಿಸಿ ದೋಣಿಗಳನ್ನು ದಾಟಿಸುವ ಕಟ್ಟೆ, ಲಾಕ್‌ನಲ್ಲಿ ಅವನ ನೌಕರಿ. ಯಾವ ಸರಕುದೋಣಿ ಎಷ್ಟು ಹೊತ್ತಿಗೆ ಬಂತು, ನೀರು ಎಷ್ಟು ಅಡಿ ಇತ್ತು, ಎಲ್ಲವೂ ಅವನ ದಾಖಲೆಯಲ್ಲಿರುತ್ತಿತ್ತು. ಮನೆಯಲ್ಲಿ ಮಾತ್ರ ಅವನ ಬಾಯಿಂದ ಏನೂ ಹೊರಡುತ್ತಿರಲಿಲ್ಲ. ಜಗಳ ಒಂದು ದಿನವೂ ಆಗಲಿಲ್ಲ. ಮಾರ್ಗಿಟ್ ಸೊಂಟದವರೆಗಿದ್ದ ಕೂದಲನ್ನು ಕುತ್ತಿಗೆಯವರೆಗೆ ಕತ್ತರಿಸಿಕೊಂಡು ಬಂದ ದಿನ ಅವನು ಊಟಕ್ಕೆ ಕೂತು ಉಪ್ಪು ಕೇಳಿದ, ಅಷ್ಟೇ. ಆರು ತಿಂಗಳ ಮೇಲೆ ಅವಳು ವಕೀಲರ ಹತ್ತಿರ ಹೋದಳು. ನನ್ನನ್ನು ಯಾರೂ ನೋಡುತ್ತಿಲ್ಲ ಎಂಬುದನ್ನು ಅರ್ಜಿಯಲ್ಲಿ ಬರೆಯಲಾಗುವುದಿಲ್ಲ ಎಂದರು ಅವರು. ಬೇರೆ ಕಾರಣ ಬರೆದರು.

ಮಿಲ್ವಾಕಿಯಲ್ಲಿ ಅವಳು ಬನ್ನಿನೊಳಗಿನ ಸಾಸೇಜು ಕಚ್ಚಿದಾಗ ಸಾಸಿವೆಯ ಸಾಸು ಜಾರಿ ಅಂಗಿಯ ಮೇಲೆ ಬಿತ್ತು. ಹಿಂದಿನಿಂದ ಒಂದು ಕರವಸ್ತ್ರ ಭುಜದ ಮೇಲೆ ಬಂತು.

“ಥ್ಯಾಂಕ್ಸ್,” ಎಂದಳು, ತಿರುಗದೆ.

“ಉಜ್ಜಬೇಡ. ಒತ್ತು,” ಎಂದ ಎಮೆಟ್.

ಅಂದು ಅವರ ನಡುವೆ ನಡೆದ ಮಾತು ಅಷ್ಟೇ. ಆರನೇ ಇನಿಂಗ್ಸಿನ ನಡುವೆ ಸಾಸೇಜು ವೇಷದ ಐವರು ಮೈದಾನದ ಅಂಚಿನಲ್ಲಿ ಓಡಿದಾಗ ಮಾರ್ಗಿಟ್ ಎದ್ದುನಿಂತು ಚಪ್ಪಾಳೆ ಹೊಡೆದಳು. ಅವಳು ಅತ್ತೆಯೊಂದಿಗೆ ಬೆಟ್ ಕಟ್ಟಿದ ಸಾಸೇಜೇ ಗೆದ್ದಿತ್ತು.

ಮರುದಿನ ಷಿಕಾಗೋದಲ್ಲಿ ಬೆಳಿಗ್ಗೆ ಸರೋವರದ ದಂಡೆಯ ಜಯಂಟ್ ವೀಲು, ಮಧ್ಯಾಹ್ನ ಐವಿ ಬಳ್ಳಿ ಹಬ್ಬಿದ ಗೋಡೆಯ ಹಳೇ ಮೈದಾನ. ಬಿಸಿಲಿಗೆ ಮಾರ್ಗಿಟ್ ಕ್ಯಾಪು ತೆಗೆದು, ಕೂದಲು ಎತ್ತಿ ಕಟ್ಟಿ, ಮತ್ತೆ ಹಾಕಿಕೊಂಡಳು. ಎಂಟನೇ ಇನಿಂಗ್ಸಿಗೆ ಅತ್ತೆಯ ಭುಜದ ಮೇಲೆ ನಿದ್ದೆ ಹೋದಳು.

“ಮೂರು ಬ್ಯಾಟರ್ ಬಂದುಹೋದ್ರು ಮಾರಾಯ್ತಿ, ನೀನು ಬಾಯಿ ತೆಗೆದುಕೊಂಡು ಮಲಗಿದ್ದೆ,” ಎಂದರು ಬರ್ನೀಸ್.

“ಯಾರಾದ್ರೂ ನೋಡಿದ್ರಾ?”

“ಯಾರು ನೋಡ್ತಾರೆ? ಎಲ್ಲರೂ ಆಟ ನೋಡ್ತಿದ್ರು,” ಎಂದು ಬರ್ನೀಸ್ ಹಿಂದಿನ ಸಾಲಿನತ್ತ ಒಮ್ಮೆ ಕಣ್ಣು ಹಾಯಿಸಿದರು.

*

ಶನಿವಾರ ಸೇಂಟ್ ಲೂಯಿಸ್‌ನ ದಾರಿಯಲ್ಲಿ ಸ್ಪ್ರಿಂಗ್‌ಫೀಲ್ಡಿನಲ್ಲಿ ಊಟಕ್ಕೆ ನಿಂತಾಗ ಎಮೆಟ್ ಫೋರ್ಕು ಕೆಳಗಿಟ್ಟ.

“ವರ್ನನ್, ಮುಂದಿನ ವರ್ಷ ನನ್ನ ಟಿಕೆಟ್ ತೆಗೀಬೇಡಿ. ನನಗೆ ಮಿನೆಸೋಟಾಕ್ಕೆ ವರ್ಗ ಆಗಿದೆ. ಆಗಸ್ಟ್ ಒಂದಕ್ಕೆ ಹಾಜರಾಗಬೇಕು.”

“ಕೇಳಿ ತಗೊಂಡಿದ್ದೋ, ಅವರಾಗಿ ಕೊಟ್ಟಿದ್ದೋ?”

“ಕೇಳಿ ತಗೊಂಡಿದ್ದು. ಮಾರ್ಚಲ್ಲಿ.”

ವರ್ನನ್ ಚೀಸ್ ಸಾಸಿನಲ್ಲಿ ಮುಳುಗಿದ ಆಲೂಗಡ್ಡೆಯ ತುಂಡುಗಳನ್ನು ತಟ್ಟೆಯ ಒಂದು ಬದಿಗೆ ತಳ್ಳುತ್ತ ಕೂತರು. ಮಾರ್ಗಿಟ್ ನೀರು ಕುಡಿದಳು. ಲೋಟ ಬರಿದಾದ ಮೇಲೂ ಅದನ್ನು ತುಟಿಯಿಂದ ಇಳಿಸಲಿಲ್ಲ.

ಮೂರು ವರ್ಷ ಅವಳು ಅವನನ್ನು ಕಾಣದೆ ಇದ್ದದ್ದು ನಿಜ. ಆದರೆ ಅವನು ಇದ್ದದ್ದು ನದಿಯ ಆಚೆ ದಡದಲ್ಲಿ, ರಾಕ್ ಐಲೆಂಡಿನಲ್ಲಿ. ಒಂದು ಸೇತುವೆಯಾಚೆ ಇರುವವನನ್ನು ಕಾಣದಿರುವುದು ಬೇರೆ. ಐದು ಗಂಟೆ ದೂರದವನನ್ನು ಕಾಣಲಾಗದಿರುವುದು ಬೇರೆ. ಸೇಂಟ್ ಲೂಯಿಸ್ ತಲುಪುವವರೆಗೂ ಅವಳಿಗೆ ಹೆದ್ದಾರಿಯ ಬದಿಯ ಜೋಳದ ಹೊಲ ಬಿಟ್ಟು ಇನ್ನೇನೂ ಕಾಣಲಿಲ್ಲ.

*

ಭಾನುವಾರ ಬೆಳಿಗ್ಗೆ ಮೋಟೆಲಿನ ತಿಂಡಿಕೋಣೆಯಲ್ಲಿ ವರ್ನನ್ ಎರಡೂ ಪುಸ್ತಕ ಪಕ್ಕಪಕ್ಕ ಇಟ್ಟುಕೊಂಡರು. ಕೊನೆಯ ಆಟಕ್ಕೆ ಮುಂಚೆ ತಾಳೆ ನೋಡುವುದು ಅವರ ಪದ್ಧತಿ. ಎಮೆಟ್ ಪೆಟ್ರೋಲು ಹಾಕಿಸಲು ಹೋಗಿದ್ದ.

“ಇದೇನಿದು!” ಅವರ ಕೈಯ ದೋಸೆಯಂಥ ಪ್ಯಾನ್‌ಕೇಕು ಹಾಗೇ ನಿಂತಿತು. “ಒಂಬತ್ತು ಡಬ್ಲ್ಯು ಡಬ್ಲ್ಯು! ಎರಡೇ ಆಟದಲ್ಲಿ! ನಲವತ್ತು ವರ್ಷದಲ್ಲಿ ನಾನು ಹಾಕಿರೋದು ನಾಲ್ಕು. ಅದರಲ್ಲಿ ಒಂದು ಮೂತ್ರಪಿಂಡದ ಕಲ್ಲಿಗೆ.”

“ಅವನಿಗೂ ವಯಸ್ಸಾಯ್ತು,” ಎಂದರು ಬರ್ನೀಸ್.

“ನಲವತ್ತೆರಡಕ್ಕಾ? ಕೇಳು. ಮಿಲ್ವಾಕಿ, ಮೂರನೇ ಇನಿಂಗ್ಸ್, ಎರಡನೇ ಬ್ಯಾಟರ್. ನೋಡುತ್ತಿರಲಿಲ್ಲ.”

ಮಾರ್ಗಿಟ್‌ಳ ಕಾಫಿ ಕಪ್ಪು ಅರ್ಧ ದಾರಿಯಲ್ಲಿ ನಿಂತಿತು. ಆ ಬ್ಯಾಟರನ್ನು ಅವಳೂ ನೋಡಿರಲಿಲ್ಲ. ಸಾಸಿವೆ ಒರೆಸುತ್ತಿದ್ದಳು.

“ಆರನೇ ಇನಿಂಗ್ಸ್. ಸಾಸೇಜುಗಳ ಓಟ ಮುಗಿದ ಮೇಲೆ ಬಂದವನು. ನೋಡುತ್ತಿರಲಿಲ್ಲ.”

ಅವಳು ಆಗ ಇನ್ನೂ ಚಪ್ಪಾಳೆ ಹೊಡೆಯುತ್ತ ನಿಂತೇ ಇದ್ದಳು.

“ಷಿಕಾಗೋ, ಎಂಟನೇ ಇನಿಂಗ್ಸ್. ಮೂರು ಜನ, ಸಾಲಾಗಿ! ಒಬ್ಬ ಹೋಮ್ ರನ್ ಹೊಡೆದಿದಾನೆ, ಇಡೀ ಊರು ಕಿರುಚಿದೆ. ಇವನಿಗೆ ಗೊತ್ತಾಗಿಲ್ಲ. ಕಣ್ಣು ತೋರಿಸ್ಕೋಬೇಕು ಇವನು.”

“ತೋರಿಸ್ಕೋಬೇಕಾದವನು ನೀನು ವರ್ನನ್,” ಎಂದರು ಬರ್ನೀಸ್. ಆಮೇಲೆ ಮಾರ್ಗಿಟ್ ಕಡೆ ತಿರುಗಿ, “ಕಾಫಿ ಚೆಲ್ತಿದೆ ನೋಡು.”

*

ಸೇಂಟ್ ಲೂಯಿಸ್‌ನ ನದಿದಂಡೆಯ ಉಕ್ಕಿನ ಕಮಾನು ಆರುನೂರ ಮೂವತ್ತು ಅಡಿ ಎತ್ತರ. ಅದರ ತುದಿಗೆ ಹೋಗಲು ಪೀಪಾಯಿಯಂಥ ಪುಟ್ಟ ಗೂಡುಗಳಿವೆ. ಒಂದರಲ್ಲಿ ಐದು ಸೀಟು. ಬಾಗಿಲು ನಾಲ್ಕಡಿ.

“ನಾನಂತೂ ಈ ಡಬ್ಬಿಯೊಳಗೆ ಕೂರಲ್ಲ,” ಎಂದರು ಬರ್ನೀಸ್. “ವರ್ನನ್, ನೀನೂ ಇಲ್ಲೇ ಇರು. ನನಗೆ ತಲೆ ಸುತ್ತಿದ್ರೆ ಯಾರು ಹಿಡ್ಕೋತಾರೆ?”

“ನಿನಗೆ ಯಾವತ್ತು ತಲೆ ಸುತ್ತಿದೆ?”

“ಇವತ್ತು ಸುತ್ತತ್ತೆ.”

ಗೂಡಿನೊಳಗೆ ಎದುರಿಗೆ ಟೆಕ್ಸಸಿನ ಗಂಡಹೆಂಡತಿ. ಎಮೆಟ್‌ನ ಮಂಡಿ ಮಾರ್ಗಿಟ್‌ಳ ಮಂಡಿಗೆ ತಾಗಿತು. ಅವನು ಹಿಂದೆಳೆದುಕೊಂಡ. ಜಾಗವಿರಲಿಲ್ಲ, ಮತ್ತೆ ತಾಗಿತು. ಏರಲು ನಾಲ್ಕು ನಿಮಿಷ.

“ಮಿಲ್ವಾಕಿ, ಮೂರನೇ ಇನಿಂಗ್ಸ್,” ಎಂದಳು ಅವಳು ಮೆಲ್ಲಗೆ. “ಏನು ನೋಡ್ತಿದ್ದೆ?”

ಅವನ ಕಿವಿ ಕೆಂಪಾಯಿತು. ಮೊದಲು ಕಿವಿ, ಆಮೇಲೆ ಕತ್ತು. ಆ ಕ್ರಮ ಅವಳಿಗೆ ಗೊತ್ತಿತ್ತು.

“ವರ್ನನ್ ಓದಿದ್ರಾ?”

“ಜೋರಾಗಿ. ಇಡೀ ತಿಂಡಿಕೋಣೆಗೆ.”

“ನೀನು ಅಂಗಿ ಒರೆಸ್ಕೋತಿದ್ದೆ.”

“ಎಂಟನೇ ಇನಿಂಗ್ಸ್?”

“ನೀನು ನಿದ್ದೆ ಮಾಡ್ತಿದ್ದೆ. ನಿನ್ನ ಕ್ಯಾಪು ಬೀಳೋ ಹಾಗಿತ್ತು. ಬಿದ್ರೆ ಹಿಡಿಯೋಣ ಅಂತ...”

“ಮನೇಲಿದ್ದಾಗ?”

“ಆಗ್ಲೂ.”

“ಕೂದಲು ಕತ್ತರಿಸಿಕೊಂಡು ಬಂದ ದಿನ?”

“ಮಂಗಳವಾರ. ನೀನು ಬಾಗಿಲು ತೆಗೆದಾಗಲೇ ನೋಡಿದೆ. ಕುತ್ತಿಗೆಯ ಎಡಗಡೆ ಒಂದು ಮಚ್ಚೆ ಕಾಣಿಸ್ತು. ಅಲ್ಲಿ ಮಚ್ಚೆ ಇದೆ ಅಂತ ನನಗೆ ಮಾತ್ರ ಗೊತ್ತಿತ್ತು. ಇನ್ಮೇಲೆ ಊರಿಗೆಲ್ಲ ಗೊತ್ತಾಗತ್ತಲ್ಲ ಅನ್ನಿಸ್ತು.”

“ಉಪ್ಪು ಕೇಳಿದೆ ನೀನು.”

“ಏನಾದ್ರೂ ಕೇಳಬೇಕಿತ್ತಲ್ಲ.”

ಟೆಕ್ಸಸಿನ ಹೆಂಗಸು ತಾನು ಕೇಳಿಸಿಕೊಳ್ಳುತ್ತಿಲ್ಲ ಎಂದು ತೋರಿಸಲು ಪರ್ಸಿನೊಳಗೆ ಏನನ್ನೋ ಹುಡುಕತೊಡಗಿದಳು.

“ಸರಿ, ಈಗ ಹೇಳು,” ಎಂದಳು ಮಾರ್ಗಿಟ್.

“ಏನು?”

“ಆ ಒಂಬತ್ತು ಚೌಕದ ಅರ್ಥ.”

“ನಿನಗೇ ಗೊತ್ತಾಯ್ತಲ್ಲ.”

“ಎಮೆಟ್, ಏಳು ವರ್ಷ ನಾನೇ ಊಹಿಸ್ಕೊಂಡು ಬದುಕಿದೀನಿ. ಊಹೆ ಸಾಕು.”

ಅವನು ಬಾಯಿ ತೆರೆದ. ಗೂಡು ಕುಲುಕಿ ನಿಂತಿತು, ಬಾಗಿಲು ತೆರೆಯಿತು, ಟೆಕ್ಸಸಿನವರು ಸಂಕೋಚದಿಂದ ಬಗ್ಗಿ ಹೊರಟರು. ಮೇಲಿನ ಕಿರುಗಿಟಕಿಗಳಿಗೆ ಹೊಟ್ಟೆಯೊತ್ತಿ ಬಗ್ಗಿದರೆ ಒಂದು ಕಡೆ ಕಂದು ಬಣ್ಣದ ಮಿಸಿಸಿಪಿ, ಇನ್ನೊಂದು ಕಡೆ ಕೆಂಪು ಸೀಟುಗಳ ಸ್ಟೇಡಿಯಂ. ಇಬ್ಬರೂ ಒಂದೇ ಕಿಟಕಿಯಲ್ಲಿ ನದಿ ನೋಡಿದರು. ಅವನು ನೀರು ಎಷ್ಟು ಅಡಿ ಇರಬಹುದೆಂದು ಹೇಳಿದ. ಅವಳು ಕಾದಳು. ಅವನು ಬೇರೇನೂ ಹೇಳಲಿಲ್ಲ.

*

ಆ ಮಧ್ಯಾಹ್ನ ಅವಳು ಆಟದ ಕಡೆಗೆ ಮುಖ ಮಾಡಿ ಕೂತಿದ್ದಳು, ಅಷ್ಟೇ. ಹಿಂದೆ ಎರಡು ಪೆನ್ಸಿಲುಗಳ ಸದ್ದು. ಅಪ್ಪನದು ಒತ್ತಿ ಬರೆಯುವ ಪೆನ್ಸಿಲು. ಇನ್ನೊಂದು ಹಗುರ. ಆ ಹಗುರದ್ದು ನಿಂತಾಗಲೆಲ್ಲ ಅವಳ ಕುತ್ತಿಗೆ ಬಿಸಿಯಾಗುತ್ತಿತ್ತು. ತಿರುಗಿದರೆ ಅವನು ಕಣ್ಣು ತಪ್ಪಿಸುತ್ತಾನೆ ಎಂದು ಗೊತ್ತಿತ್ತು. ತಿರುಗಲಿಲ್ಲ. ಮೂವತ್ತೇಳು ಡಿಗ್ರಿ ಬಿಸಿಲಿನಲ್ಲಿ ಕೂದಲನ್ನು ಇನ್ನೂ ಸ್ವಲ್ಪ ಮೇಲಕ್ಕೆ ಎತ್ತಿ ಕಟ್ಟಿದಳು.

ಊರಿನ ತಂಡ ನಾಲ್ಕು–ಎರಡರಲ್ಲಿ ಸೋತಿತು. ಉತ್ತರಕ್ಕೆ ನಾಲ್ಕು ಗಂಟೆಯ ದಾರಿ. ವ್ಯಾನಿನಲ್ಲಿ ವರ್ನನ್ ಚೆಂಡೆಸೆದ ಪಿಚರ್‌ನನ್ನು ಬೈದರು, ಬರ್ನೀಸ್ ವರ್ನನ್‌ರನ್ನು ಬೈದರು. ಹೊಲಗಳ ಮೇಲೆ ಬಿಸಿಲು ಇಳಿಯುತ್ತಿದ್ದಂತೆ ಮಾರ್ಗಿಟ್ ಕಣ್ಣು ಮುಚ್ಚಿಕೊಂಡಳು, ನಿದ್ದೆಗಲ್ಲ. ಸೇತುವೆ ದಾಟುವ ಮೊದಲು ಅವನು ಇಳಿಯುತ್ತಾನೆ. ಅವನು ಹೇಳದಿದ್ದರೆ ತಾನು ಹೇಳುವುದಿಲ್ಲ. ಹೇಳಿದರೆ ಇಡೀ ಸಂಸಾರವನ್ನು ಮತ್ತೆ ತಾನೊಬ್ಬಳೇ ಮಾತಾಡಿ ನಡೆಸಬೇಕಾಗುತ್ತದೆ. ಅದು ಅವಳ ಕೈಲಾಗದು.

ರಾಕ್ ಐಲೆಂಡಿನಲ್ಲಿ ಎಮೆಟ್‌ನ ಮನೆ ಮುಂದೆ ವ್ಯಾನು ನಿಂತಾಗ ಎಂಟೂ ಇಪ್ಪತ್ತು. ಆಕಾಶ ಇನ್ನೂ ಬೆಳಕಾಗಿತ್ತು. ಅವನು ಇಳಿದು, ಬ್ಯಾಗು ತೆಗೆದುಕೊಂಡು, ವರ್ನನ್‌ರ ಕೈ ಕುಲುಕಿದ. ಬರ್ನೀಸ್ ಅವನ ಕೆನ್ನೆಗೆ ಮುತ್ತಿಟ್ಟರು. ಆಮೇಲೆ ಅವನು ತೆರೆದ ಬಾಗಿಲಲ್ಲಿ ನಿಂತೇ ಇದ್ದ.

“ಬಾಗಿಲು ಹಾಕಪ್ಪ, ಸೊಳ್ಳೆ ಬರ್ತಿವೆ,” ಎಂದರು ವರ್ನನ್.

“ಒಂದು ನಿಮಿಷ ವರ್ನನ್.” ಅವನು ಮಾರ್ಗಿಟ್‌ಳನ್ನು ನೋಡಿದ. ಈ ಸಲ ಕಣ್ಣು ತಪ್ಪಿಸಲಿಲ್ಲ. “ಶುಕ್ರವಾರ ಬೆಳಿಗ್ಗೆ ಮಿಲ್ವಾಕಿ ಬಿಡೋ ಮುಂಚೆ ನಾನು ಆಫೀಸಿಗೆ ಫೋನ್ ಮಾಡಿದ್ದೆ. ವರ್ಗ ರದ್ದು ಮಾಡ್ತೀರಾ ಅಂತ ಕೇಳಿದೆ. ಆಗಲ್ಲ ಅಂದ್ರು.”

“ಯಾಕೆ ಕೇಳಿದೆ?”

“ಗುರುವಾರ ವ್ಯಾನಿನ ಬಾಗಿಲಲ್ಲಿ ನಿನ್ನ ನೋಡಿದ್ದೆ. ಅದಕ್ಕೆ.” ಅವನ ಕೈ ಬಾಗಿಲ ಹಿಡಿಯನ್ನು ಬಿಗಿಯಾಗಿ ಹಿಡಿದಿತ್ತು. “ನಿನ್ನ ಮೇಲಿನ ಪ್ರೀತಿ ಹೋಗಿಲ್ಲ ಮಾರ್ಗಿಟ್. ಒಂದು ದಿನಕ್ಕೂ ಹೋಗಿರ್ಲಿಲ್ಲ. ದೂರ ಹೋದ್ರೆ ಹೋಗಬಹುದು ಅಂತ ವರ್ಗ ಕೇಳಿದ್ದು. ನಾನು ತಪ್ಪು ಮಾಡಿದೆ. ಹೇಳದೇ ಇದ್ದದ್ದು ನನ್ನ ತಪ್ಪು.”

ಒಂದು ಸೊಳ್ಳೆ ವರ್ನನ್‌ರ ಕಿವಿಯ ಹತ್ತಿರ ಹಾಡಿತು. ಅವರು ಕೈ ಎತ್ತಲಿಲ್ಲ.

“ಇಳೀತೀಯಾ?” ಎಂದ ಎಮೆಟ್.

ಏಳು ವರ್ಷದಲ್ಲಿ ಅವನು ಅವಳನ್ನು ಉಪ್ಪು ಬಿಟ್ಟು ಬೇರೇನನ್ನಾದರೂ ಕೇಳಿದ್ದು ಅವಳಿಗೆ ನೆನಪಿರಲಿಲ್ಲ.

“ಮಿನೆಸೋಟಾಕ್ಕೆ ಬರ್ತೀನಿ ಅಂತ ನಾನು ಹೇಳ್ತಿಲ್ಲ,” ಎಂದಳು.

“ನಾನಿನ್ನೂ ಅದನ್ನ ಕೇಳಿಲ್ಲ.”

“ಕೇಳ್ತೀಯಾ?”

“ಕೇಳ್ತೀನಿ. ನೀನು ಇಳಿದ ಮೇಲೆ.”

ಮಾರ್ಗಿಟ್ ಸೀಟ್‌ಬೆಲ್ಟ್ ಬಿಚ್ಚಿದಳು. “ಇವಳ ಬ್ಯಾಗು ಎಲ್ಲದರ ಅಡಿಯಲ್ಲಿದೆ,” ಎಂದು ವರ್ನನ್ ಶುರುಮಾಡಿದರು. “ನಾಳೆ ತಂದುಕೊಡು,” ಎಂದು ಬರ್ನೀಸ್ ಅವರ ತೋಳು ಹಿಡಿದರು. ವ್ಯಾನು ತಿರುವಿನಲ್ಲಿ ಮರೆಯಾಗುವವರೆಗೆ ಇಬ್ಬರೂ ಫುಟ್‌ಪಾತಿನ ಮೇಲೆ ನಿಂತು ನೋಡಿದರು.

ಆಮೇಲೆ ಎಮೆಟ್ ಕೈಯಲ್ಲಿದ್ದ ಬ್ಯಾಗನ್ನು ಕೆಳಗಿಟ್ಟ. ಕೇಳಿದ.