ನೀಲಿ ಸೋಫಾಗೆ ಒಪ್ಪುವ ಚಿತ್ರ

ಸೋಫಾದ ಮೇಲಿನ ಗೋಡೆಗೆ ಯಾವ ಚಿತ್ರ ಒಪ್ಪುತ್ತದೆ ಎಂಬುದು ಸಂಸಾರಗಳ ಅಳಿವು ಉಳಿವಿನ ಪ್ರಶ್ನೆ. ಪ್ಲೋವ್ದಿವ್ ನಗರದ ನಮ್ಮ ಮನೆಯ ನೀಲಿ ಸೋಫಾಗೆಂದು ನನ್ನ ಹೆಂಡತಿ ರುಮ್ಯಾನಾ ಹಳೇ ಸಾಮಾನಿನ ಸಂತೆಯಿಂದ ಸಮುದ್ರದ ಚಿತ್ರವೊಂದನ್ನು ತಂದಳು. ನನಗೆ ಹಿಡಿಸಲಿಲ್ಲ, ಬಾಯಿಬಿಟ್ಟು ಹೇಳಿದ್ದೇ ತಪ್ಪಾಯಿತು.

ಮರುದಿನ ಬೆಳಿಗ್ಗೆ ಚಿತ್ರ ಗೋಡೆಗೆ ಮುಖಮಾಡಿ ತೂಗುತ್ತಿತ್ತು. ನಮ್ಮ ಬೀದಿಯಲ್ಲಿ ಹಾಗೆ ತಿರುಗಿಸುವುದು ಮನೆಯಲ್ಲಿ ಸಾವಾದಾಗ ಮಾತ್ರ.

"ಹಿಡಿಸ್ಲಿಲ್ಲ ಅಂತ ಸೂತಕ ಮಾಡ್ತಿದ್ದೀಯಾ?" ಎಂದಳು ರುಮ್ಯಾನಾ.

"ನಾನು ಮುಟ್ಟೇ ಇಲ್ಲ ಮಾರಾಯ್ತಿ!"

"ಹಾಗಾದ್ರೆ ನಿಮ್ಮಪ್ಪನ ದೆವ್ವ ಬಂದು ತಿರುಗಿಸಿತಾ?"

ಸರಿಮಾಡಿ ತೂಗುಹಾಕಿದೆವು. ಹೀಗೆ ಒಂಬತ್ತು ದಿನ, ದಿನಾ ಬೆಳಿಗ್ಗೆ ಅದೇ ಗೋಳು. ಹಿಂಬದಿಯ ಹಲಗೆ ಮುಟ್ಟಿದರೆ ಹಸಿಹಸಿ, ಆಗಷ್ಟೇ ಆರಿಸಿದ ಮೇಣದಬತ್ತಿಯ ವಾಸನೆ. ಹತ್ತನೆಯ ದಿನ ರುಮ್ಯಾನಾ, "ನಿನ್ನ ಹಟ ಮುಗಿದ ಮೇಲೆ ಕರಿ" ಎಂದು ಅಕ್ಕನ ಮನೆಗೆ ಹೊರಟುಹೋದಳು.

ನಾನು ರೋಸಿಹೋಗಿ ಚಿತ್ರವನ್ನು ಸರಿಯಾಗಿ ತಿರುಗಿಸಿ, ಚೌಕಟ್ಟಿನ ನಾಲ್ಕು ಮೂಲೆಗೂ ಮೊಳೆ ಹೊಡೆದು, ಬಂದು ನೋಡು ಎಂದು ಫೋನ್ ಮಾಡಿದೆ. ಬಸ್ ನಿಲ್ದಾಣದಿಂದ ಅವಳನ್ನು ಕರೆತಂದು ಬಾಗಿಲು ತೆರೆದರೆ, ನಾಲ್ಕು ಮೊಳೆಯೂ ಹೊಡೆದಲ್ಲೇ ಇದ್ದವು. ಚಿತ್ರ ಮಾತ್ರ ಗೋಡೆಯ ಕಡೆ ನೋಡುತ್ತಿತ್ತು.

"ತಿರುಗಿಸಿದ್ದು ಸಾಲದು ಅಂತ ಮೊಳೆ ಬೇರೆ ಹೊಡ್ದಿದ್ದೀಯ!" ಎಂದಳು.

ಅಂದೇ ಮರಳಿಹೋದ ರುಮ್ಯಾನಾ ಈಗಲೂ ಅಕ್ಕನ ಮನೆಯಲ್ಲಿದ್ದಾಳೆ.